ಕಿವಿ ಕಚ್ಚಿದವನ ಉಪವಾಸ

ಜಿನೇಶನ ಬಾಳಿನಲ್ಲಿ ಇಷ್ಟೆಲ್ಲ ರಾಮಾಯಣವಾದದ್ದು ಒಂದು ಕಿವಿಯಿಂದ. ಆ ಕಿವಿ ಅವನದಾದರೂ ಆಗಿದ್ದರೆ ಒಂದು ಸಮಾಧಾನವಿರುತ್ತಿತ್ತು. ಅದು ಎದುರು ತಂಡದ ಪಂಜಾಬಿ ಆಟಗಾರನದು.

ಪುಣೆಯ ರಗ್ಬಿ ಮೈದಾನದಲ್ಲಿ ಎರಡೂ ತಂಡದವರು ತಲೆಗೆ ತಲೆ ಕೊಟ್ಟು ತಳ್ಳಾಡುವಾಗ ಆ ಮನುಷ್ಯನ ಕಿವಿ ಯಾರದೋ ಮೊಣಕಾಲಿಗೆ ಸಿಕ್ಕು ಹರಿಯಿತು. ಅದೇ ಗಳಿಗೆಗೆ ಜಿನೇಶನ ಬಾಯೊಳಗಿನ ರಬ್ಬರ್ ಕವಚ ಉದುರಿ, ಅವನು ಉಸಿರಿಗಾಗಿ ಬಾಯಿ ಅಗಲಿಸಿದ್ದ. ದೂರದ ಕ್ಯಾಮೆರಾಕ್ಕೆ ಕಂಡದ್ದು ಒಂದು ತೆರೆದ ಬಾಯಿ, ಅದರ ಪಕ್ಕದಲ್ಲಿ ಒಂದು ಕಿವಿ, ಆಮೇಲೆ ರಕ್ತ. ಲೀಗಿನವರು ವಿಚಾರಣೆ ನಡೆಸಿ ಇಡೀ ಹಂಗಾಮಿಗೆ ಅವನನ್ನು ಹೊರಗೆ ಕೂಡಿಸಿದರು.

ರಗ್ಬಿ ಆಡಿ ಸಂಬಳ ಎಣಿಸುವವನು ಮಹಾಂತೇಶ ನಗರದಲ್ಲಿ ಜಿನೇಶನೊಬ್ಬನೇ. ಆ ಆಟದ ಚೆಂಡು ತತ್ತಿಯಾಕಾರದ್ದು ಎಂದು ಯಾರಾದರೂ ಅಂದರೆ ಅವನ ತಾಯಿ ರತ್ನಮಾಲಾ ಕೂಡಲೇ ತಿದ್ದುತ್ತಿದ್ದರು. ಅವರ ಮನೆಯಲ್ಲಿ ಅದು ಮಾವಿನಕಾಯಿ ಚೆಂಡು. ತಂಟೆ ಜಿನೇಶನಿಗೆ ಹೊಸದೇನಲ್ಲ. ಮೊದಲ ಪಂದ್ಯದ ದಿನ, ವಯಸ್ಸಾದವರು ಎಂದು ರೆಫರಿಯ ಕಾಲು ಮುಟ್ಟಿ ನಮಸ್ಕರಿಸಲು ಹೋಗಿ, ರೆಫರಿಯ ಮೈ ಮುಟ್ಟಿದ ತಪ್ಪಿಗೆ ಹಳದಿ ಕಾರ್ಡು ತೆಗೆದುಕೊಂಡಿದ್ದ. ಮರುವರ್ಷ ಚೆಂಡನ್ನು ಬಗಲಲ್ಲಿ ಅವಚಿಕೊಂಡು ಗೆರೆಯ ಕಡೆ ಓಡುತ್ತಿದ್ದವನು ಕಾಲ ಬುಡದಲ್ಲಿ ಕಪ್ಪೆಯೊಂದನ್ನು ಕಂಡು ಗಕ್ಕನೆ ನಿಂತ. ಕಪ್ಪೆ ಉಳಿಯಿತು, ಪಂದ್ಯ ಹೋಯಿತು. ಟೀವಿಯಲ್ಲಿ ಕಪ್ಪೆ ಕಾಣದ್ದರಿಂದ, ದುಡ್ಡು ತಿಂದು ನಿಂತನೆಂದು ತನಿಖೆಯೇ ನಡೆಯಿತು.

ಅವೆರಡನ್ನೂ ಓಣಿಯವರು ನಕ್ಕು ಮರೆತಿದ್ದರು. ಕಿವಿಯ ಮಾತು ಹಾಗಲ್ಲ. ಆಟ ಹೋದರೆ ಹೋಗಲಿ, ಈರುಳ್ಳಿ ಕೂಡ ಮುಟ್ಟದ ಜೈನರ ಮನೆಯ ಹುಡುಗ ಬಾಯಲ್ಲಿ ಮನುಷ್ಯರ ಕಿವಿ ಹಾಕಿಕೊಂಡನಲ್ಲ ಎಂಬುದೇ ಎಲ್ಲರ ಚಿಂತೆಯಾಯಿತು.

ಜಿನೇಶ ನಿರಪರಾಧಿ ಎಂಬುದಕ್ಕೆ ಸಾಕ್ಷಿ ಅವನ ಬಾಯಲ್ಲೇ ಇತ್ತು, ಅಂದರೆ ಇರಲಿಲ್ಲ. ಮೇಲಿನ ಸಾಲಿನ ಮುಂದಿನ ನಾಲ್ಕು ಹಲ್ಲು ಹಿಂದೊಮ್ಮೆ ಆಟದಲ್ಲೇ ಹೋಗಿದ್ದವು. ಈಗ ಇರುವುದು ತೆಗೆದು ಹಾಕುವ ಕಟ್ಟಿನ ಹಲ್ಲು. ಆಡುವಾಗ ಅದು ಡಬ್ಬಿಯಲ್ಲಿರುತ್ತಿತ್ತು. ಈ ಗುಟ್ಟು ತಾಯಿಗೆ ಮತ್ತು ತಂಡದ ಡಾಕ್ಟರಿಗೆ ಮಾತ್ರ ಗೊತ್ತು. ಬಾಯಿ ಬಿಡೋಣವೆಂದರೆ ಖಾಸಬಾಗದ ಹಲ್ಲುಪುಡಿ ಕಾರ್ಖಾನೆಯವನೊಬ್ಬ ಅವನ ನಗುವಿನ ದೊಡ್ಡ ಫಲಕವನ್ನೇ ನಿಲ್ಲಿಸಿದ್ದ. ಅದಕ್ಕಿಂತ ಹೆಚ್ಚಾಗಿ, ಆ ರವಿವಾರ ಖಾನಾಪುರಕ್ಕೆ ಹೆಣ್ಣು ನೋಡಲು ಹೋಗುವುದಿತ್ತು.

ಹುಡುಗಿ ಬ್ರಾಹ್ಮಿ. ಸಂಬಂಧಿಕರ ಮದುವೆಯೊಂದರಲ್ಲಿ ಅವಳು ಹೋಳಿಗೆ ಬಡಿಸುತ್ತ ಬಂದಾಗ ಜಿನೇಶ ಬೇಡ ಅನ್ನುವುದನ್ನೇ ಮರೆತು, ಎಲೆಯಲ್ಲಿ ಹೋಳಿಗೆಯ ಗುಡ್ಡವನ್ನೇ ಹಾಕಿಸಿಕೊಂಡಿದ್ದ. ಅಂದಿನಿಂದ ಅವನಿಗೆ ಬೇರೆ ಯಾರೂ ಬೇಡವಾಗಿದ್ದರು. ಒಂದೇ ಕಷ್ಟವೆಂದರೆ ಅವಳು ನೆಹರು ನಗರದಲ್ಲಿ ಹಲ್ಲಿನ ಡಾಕ್ಟರಿಕೆ ಓದುತ್ತಿದ್ದಳು.

“ಅವ್ವ, ಹಲ್ಲು ತಗದು ತೋರಿಸಿದ್ರ ಎಲ್ಲಾ ಮುಗೀತೈತಿ. ಹಲ್ಲಿಲ್ಲದಾಂವ ಹೆಂಗ ಕಚ್ಚತಾನ?” ಎಂದು ರವಿವಾರ ಮುಂಜಾನೆ ಜಿನೇಶ ಕೊನೆಯ ಸಲ ಗೋಗರೆದ.

“ಬಾಯಿ ಮುಚ್ಚು,” ಎಂದರು ರತ್ನಮಾಲಾ. “ಕಚ್ಚೂ ವರಗ ಹೆಣ್ಣು ಸಿಕ್ಕೀತು, ಬೊಚ್ಚ ಬಾಯಿ ವರಗ ಸಿಗೂದಿಲ್ಲ. ತಲಿ ಮ್ಯಾಲೆ ಅಕ್ಕಿಕಾಳು ಬಿದ್ದು ಮದುವಿ ಆಗೂತನಾ ಹಲ್ಲಿನ ಸುದ್ದಿ ಎತ್ತಬ್ಯಾಡ. ನಗಾಕೂ ಹೋಗಬ್ಯಾಡ.”

ಅಷ್ಟರಲ್ಲಿ ಅಜಿತಕುಮಾರ ಕಾಕಾ ಒಳಗೆ ಬಂದರು. ಜಿನೇಶನ ತೀರಿಹೋದ ತಂದೆಯ ತಮ್ಮ. ಊರಿನ ಯಾವ ಮದುವೆಯ ಮಾತುಕತೆಯಾದರೂ ತಾವಿಲ್ಲದೆ ನಡೆಯಬಾರದೆಂದು ನಂಬಿದವರು. ಬಾಣಲೆಯಲ್ಲಿ ಒಗ್ಗರಣೆ ಅವಲಕ್ಕಿ ಇನ್ನೂ ಹೊಗೆಯಾಡುತ್ತಿತ್ತು. ಕಾಕಾ ಅದನ್ನು ತಟ್ಟೆಯಿಂದ ಮುಚ್ಚಿಬಿಟ್ಟರು.

“ಇವತ್ತ ನಿಂದು ಉಪವಾಸ. ಸಂಜೀತನಾ ಬಾಯಾಗ ಏನೂ ಹಾಕೂಹಂಗಿಲ್ಲ, ಬರೇ ಕಾಸಿದ ನೀರು.”

“ಕಾಕಾ, ನಾ ಕಚ್ಚಿಲ್ಲರಿ.”

“ಕಚ್ಚಿದ್ರ ಪಾಪ ಹೋಗ್ತದ, ಕಚ್ಚಿಲ್ಲಂದ್ರ ಪುಣ್ಯ ಬರ್ತದ. ನಿನಗೇನ ಲುಕ್ಸಾನ?”

ಎದುರಾಳಿ ಹದಿನೈದು ಮಂದಿ ಮೇಲೆ ಬಿದ್ದರೂ ಅಲುಗದ ಜಿನೇಶ ಕಾಕಾನ ಎದುರು ಮಾತ್ರ ಒಮ್ಮೆಯೂ ಗೆದ್ದವನಲ್ಲ. ಹೂಂ ಎಂದ. ಕಾಕಾ ಕುಳಿತು ಅವನ ಪಾಲಿನ ಅವಲಕ್ಕಿಯನ್ನು ತಾವೇ ತಿಂದರು.

ಕಾರು ಬಾಜೂ ಮನೆಯ ಈರಣ್ಣನದು. ಹಿಂದೆ ಕುಸ್ತಿ ಹಿಡಿಯುತ್ತಿದ್ದ ಈರಣ್ಣ ಮಾಮಾನಿಗೆ ಮಾತ್ರ ಕಿವಿ ಪ್ರಕರಣದಿಂದ ಹಿಡಿಸಲಾರದಷ್ಟು ಹಿಗ್ಗು. ಆ ವಿಡಿಯೊವನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಹಾಲಿನವನಿಂದ ಹಿಡಿದು ಎಲ್ಲರಿಗೂ ತೋರಿಸಿದ್ದ. ಖಾನಾಪುರದಲ್ಲಿ ತುಟಿ ಬಿಚ್ಚುವುದಿಲ್ಲವೆಂದು ರತ್ನಮಾಲಾ ಅವನಿಂದ ಮಾತು ತೆಗೆದುಕೊಂಡೇ ಕಾರು ಹತ್ತಿದರು.

ತನ್ನ ಪರಿಚಯದ ಮಿಠಾಯಿ ಅಂಗಡಿಯಲ್ಲೇ ಕುಂದಾ ಕೊಳ್ಳಬೇಕೆಂದು ಈರಣ್ಣ ಕಾರನ್ನು ಖಾಸಬಾಗಕ್ಕೆ ತಿರುಗಿಸಿದ. ಅಲ್ಲಿ ಜಿನೇಶನ ಹಲ್ಲುಪುಡಿಯ ಫಲಕ ನಗುತ್ತ ನಿಂತಿತ್ತು. ಆ ನಗುವ ಬಾಯಿಯೊಳಗೆ ಯಾರೋ ಇದ್ದಿಲಿನಿಂದ ಒಂದು ಕಿವಿ ಬರೆದಿದ್ದರು, ಓಲೆಯ ಸಮೇತ.

“ಕೈ ಚಲೋ ಐತಿ,” ಎಂದು ಈರಣ್ಣ ಚಿತ್ರ ಬರೆದವನನ್ನು ಮೆಚ್ಚಿಕೊಂಡ.

ಕುಂದಾದ ಡಬ್ಬಿ ಜಿನೇಶನ ತೊಡೆಯೇರಿತು. ಪೀರನವಾಡಿ ದಾಟಿ ಖಾನಾಪುರ ಮುಟ್ಟುವವರೆಗೂ ಅದು ಬಿಸಿಬಿಸಿಯಾಗಿ ತುಪ್ಪದ ವಾಸನೆ ಬಿಡುತ್ತಿತ್ತು. ಹಸಿವಿಗೆ ಅವನ ಹೊಟ್ಟೆ ಕಾರಿನ ಎಂಜಿನ್ನಿಗಿಂತ ಜೋರಾಗಿ ಗುರುಗುಟ್ಟಿತು. ಅವನಿಗೆ ನಿಜವಾಗಿ ಹೆದರಿಕೆಯಾಗಿತ್ತು. ಆಟ ಇವತ್ತಲ್ಲ ನಾಳೆ ಮತ್ತೆ ಸಿಗಬಹುದು, ಬ್ರಾಹ್ಮಿ ಕೈ ತಪ್ಪಿದರೆ ಹೇಗೆ ಎಂದು ದಾರಿಯುದ್ದಕ್ಕೂ ಅದನ್ನೇ ಚಿಂತಿಸಿದ.

ಬ್ರಾಹ್ಮಿಯ ಮನೆಯಲ್ಲಿ ಮಾತೆಂದರೆ ಅವಳ ಅಜ್ಜ ಪಾಯಪ್ಪನವರದು. ಹಂಚಿನ ಕಾರ್ಖಾನೆ ನಡೆಸಿ ಹಣ್ಣಾದ ಜೀವ. ಪಡಸಾಲೆಯಲ್ಲಿ ಫ್ಯಾನು ತಿರುಗುತ್ತಿದ್ದರೂ ಬೆವರು ಇಳಿಯುವಂಥ ಸೆಕೆ. ಆ ಸೆಕೆಯಲ್ಲಿ ಪಾಯಪ್ಪನವರು ಎರಡೂ ಕಿವಿಗೆ ಉಣ್ಣೆಯ ಮಫ್ಲರ್ ಬಿಗಿದುಕೊಂಡು ಕುಳಿತಿದ್ದರು.

ಅವರಿಗೆ ಸುದ್ದಿ ಮುಟ್ಟಿದೆ ಎಂಬುದು ಜಿನೇಶನಿಗೆ ಹೊಸ್ತಿಲಲ್ಲೇ ತಿಳಿದುಹೋಯಿತು.

“ಬರ್ರಿ, ಬರ್ರಿ. ನೀವು ಆ ಕಡೆ ಕುಂದರ್ರಿ,” ಎಂದು ಅಜ್ಜ ಜಿನೇಶನಿಗೆ ದೂರದ ಕುರ್ಚಿ ತೋರಿಸಿದರು.

ಬ್ರಾಹ್ಮಿ ತಾಯಿಯ ಜೊತೆ ಬಂದು ತಟ್ಟೆಗಳನ್ನಿಟ್ಟಳು. ಶೇಂಗಾ ಉಂಡಿ, ಚಕ್ಕುಲಿ, ಬಿಸಿ ಶಿರಾ. ಒಮ್ಮೆ ಅವನ ಮುಖ ನೋಡಿದಳು. ಜಿನೇಶ ತಾಯಿಯ ಮಾತು ನೆನೆದು ತುಟಿ ಬಿಗಿದುಕೊಂಡ. ಅವಳಿಗೆ ಅದು ಸಿಟ್ಟಿನ ಮುಖವಾಗಿ ಕಂಡಿರಬೇಕು, ತಾಯಿಯ ಬೆನ್ನ ಹಿಂದೆ ಸರಿದಳು.

“ತಗೋರಿ,” ಎಂದರು ಅಜ್ಜ. ಜಿನೇಶ ಕೈ ಮುಗಿದ.

“ಅವಂದು ಇವತ್ತ ಉಪವಾಸ ಅದರಿ,” ಎಂದು ಅಜಿತಕುಮಾರ ಕಾಕಾ ಎದೆಯುಬ್ಬಿಸಿದರು.

“ಭಾಳ ಛಲೋ. ಯಾವ ನಿಮಿತ್ತ?”

ಈ ಪ್ರಶ್ನೆಗೆ ಕಾಕಾ ದಾರಿಯಲ್ಲಿ ಉತ್ತರ ಹೊಂದಿಸಿಕೊಂಡಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟರು: “ಪ್ರಾಯಶ್ಚಿತ್ತರಿ.”

ಅಜ್ಜ ಮಫ್ಲರಿನ ಗಂಟನ್ನು ಇನ್ನಷ್ಟು ಎಳೆದರು. “ಅಂದ್ರ ಕಚ್ಚಿದ್ದು ಖರೇ?”

“ಅಯ್ಯ, ಹಂಗಲ್ಲರಿ...” ಎಂದು ರತ್ನಮಾಲಾ ಶುರುಮಾಡುವಷ್ಟರಲ್ಲಿ ಈರಣ್ಣನಿಗೆ ತಡೆಯಲಾಗಲಿಲ್ಲ. ತಮ್ಮ ಓಣಿಯ ಹುಡುಗನ ಪರವಾಗಿ ನಿಲ್ಲದಿದ್ದರೆ ಬಾಜೂ ಮನೆಯವನಾಗಿ ಏನು ಉಪಯೋಗ?

“ಕಚ್ಚಿದ್ರೇನಾತ್ರಿ ಅಜ್ಜಾರ, ನುಂಗಿಲ್ಲಲ್ಲ! ಉಗುಳ್ಯಾನ್ರಿ ಅಲ್ಲೇ. ಬೇಕಾರ ವಿಡಿಯೊ ನೋಡ್ರಿ.”

ಬ್ರಾಹ್ಮಿಯ ತಾಯಿ ಶಿರಾದ ತಟ್ಟೆಗಳನ್ನು ಒಂದೊಂದಾಗಿ ಎತ್ತಿಕೊಳ್ಳತೊಡಗಿದರು. ಬ್ರಾಹ್ಮಿ ನೆಲ ನೋಡುತ್ತ ನಿಂತಿದ್ದಳು. ಪಾಯಪ್ಪನವರು ಎದ್ದು ನಿಲ್ಲಲು ಕೋಲು ಹುಡುಕುತ್ತಿದ್ದರು. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಎಲ್ಲ ಮುಗಿದಂತೆಯೇ ಎಂದು ಜಿನೇಶನಿಗೆ ಅನ್ನಿಸಿತು. ತಾಯಿಯ ಕಣ್ಸನ್ನೆ, ಹಲ್ಲುಪುಡಿಯ ಫಲಕ, ಯಾವುದೂ ಅವನನ್ನು ಹಿಡಿಯಲಿಲ್ಲ. ಬಾಯಿಗೆ ಕೈ ಹಾಕಿ ಕಟ್ಟಿನ ಹಲ್ಲನ್ನು ಕಿತ್ತು, ಚಕ್ಕುಲಿಯ ತಟ್ಟೆಯ ಪಕ್ಕದಲ್ಲಿಟ್ಟ.

“ನೋಡ್ರಿ ಅಜ್ಜಾರ. ನಾ ಆಡೂ ಮುಂದ ಬಾಯಾಗ ಇಷ್ಟ ದೊಡ್ಡ ಬಾಗಲಾ ತಗದಿರ್ತೈತಿ. ಇದರಾಗ ಕಿವಿ ಹೆಂಗ ಕಚ್ಚಲಿ? ನಾ ಒಂದು ಇರುವಿಗೂ ನೋವು ಮಾಡಿದಾಂವ ಅಲ್ಲರಿ.”

ರತ್ನಮಾಲಾ ಸೆರಗಿನಿಂದ ಮುಖ ಮುಚ್ಚಿಕೊಂಡರು. ಪಾಯಪ್ಪನವರು ಕನ್ನಡಕ ಏರಿಸಿ ಹಲ್ಲನ್ನು ನೋಡಿದರು, ಬಾಯನ್ನು ನೋಡಿದರು, ಮತ್ತೆ ಹಲ್ಲನ್ನು ನೋಡಿದರು. ನಂತರ ನಿಧಾನವಾಗಿ ಮಫ್ಲರ್ ಬಿಚ್ಚಿ ಕುರ್ಚಿಯ ಮೇಲೆ ಹಾಕಿ, ಉಸ್ಸೆಂದು ಬೆವರು ಒರೆಸಿಕೊಂಡರು.

“ಇದನ್ನ ಮೊದಲ ಹೇಳಬಾರದಾ ತಮ್ಮಾ? ಮುಂಜಾನಿಂದ ಬೆಂದು ಹೋಗೇನಿ. ಹಲ್ಲೇನು, ನನಗೂ ಇಲ್ಲ. ಸುಳ್ಳು ಇಲ್ಲಲ್ಲ, ಅಷ್ಟ ಸಾಕು.”

ಶಿರಾ ಮತ್ತೆ ಹೊರಗೆ ಬಂತು. ಆದರೆ ಜಿನೇಶನ ಕಣ್ಣು ಬ್ರಾಹ್ಮಿಯ ಕಡೆಗಿತ್ತು. ತಾಯಿಯ ಹಿಂದಿನಿಂದ ಅವಳು ಮುಂದೆ ಬಂದಿದ್ದಳು. ಮುಖ ಬೆಳಗುತ್ತಿತ್ತು.

“ಬರೇ ಮುಂದಿನ ನಾಕ ಹೋಗ್ಯಾವೇನ್ರಿ? ಬಾಜೂದವು ಗಟ್ಟಿ ಅದಾವ?” ಎಂದು ಕೇಳಿದಳು.

“ಹೌದ್ರಿ.”

“ಅಜ್ಜಾ, ಇಂಥಾ ಬಾಯಿ ಹುಡುಕಿ ಹುಡುಕಿ ಸಾಕಾಗಿತ್ತು ನನಗ! ಪರೀಕ್ಷಾದಾಗ ಹಲ್ಲು ಕಟ್ಟಿ ತೋರಿಸಾಕ ಪೇಷಂಟ್ ನಾವ ತರಬೇಕು. ಎಲ್ಲಾರೂ ಪೂರಾ ಬೋಳು, ಇಲ್ಲಾ ಒಂದ ಹಲ್ಲು ಹೋದವರು. ಇವರು ಬಂದ್ರ ನಾ ಪಾಸಾದಂಗ.” ಮತ್ತೆ ಜಿನೇಶನ ಕಡೆ ತಿರುಗಿ ಹೇಳಿದಳು: “ಮದುವಿ ಮಾತು ಹಿಂದಗಡೆ ನೋಡೂಣು. ಮೊದಲ ಬಾಯಿ ತಗೀರಿ, ನೋಡತೇನಿ.”

ವರನಾಗಿ ಬಂದವನಿಗೆ ಪೇಷಂಟಾಗುವ ಯೋಗ. ಆದರೂ ಜಿನೇಶನಿಗೆ ಬೇಸರವಾಗಲಿಲ್ಲ. ಪರೀಕ್ಷೆ ಮುಗಿಯುವವರೆಗೆ ದಿನಾ ಅವಳ ಮುಂದೆ ಬಾಯಿ ತೆರೆದು ಕುಳಿತರೆ, ಒಂದಲ್ಲ ಒಂದು ದಿನ ಮಾತೂ ಆಡಬಹುದಲ್ಲ! ಅವನು ಬಾಯಿಯನ್ನು ಆದಷ್ಟು ಅಗಲ ತೆರೆದ.

ಬ್ರಾಹ್ಮಿ ಕೈ ತೊಳೆದು ಬಂದು, ದವಡೆ ಹಲ್ಲು ಎಷ್ಟು ಗಟ್ಟಿಯೆಂದು ನೋಡಲು ಬೆರಳನ್ನು ಒಳಗಿಟ್ಟಳು. ಈರಣ್ಣ ಅಷ್ಟರಲ್ಲಿ ಮೊಬೈಲ್ ಹಿಡಿದು ನಿಂತಿದ್ದ. ಹುಡುಗ ಕಚ್ಚುವವನಲ್ಲ ಎಂದು ಈ ವಿಡಿಯೊದಿಂದಲೇ ಲೀಗಿನವರಿಗೆ ಮನವರಿಕೆ ಮಾಡುವುದು ಅವನ ವಿಚಾರ. ಆಗಿಂದಾಗಲೇ ಎಲ್ಲರಿಗೂ ಕಾಣುವ ಹಾಗೆ ಅದನ್ನು ಮೊಬೈಲಿನಿಂದ ಲೈವ್ ಬಿಟ್ಟಿದ್ದ.

“ನೋಡ್ರಿಪಾ ಎಲ್ಲಾರೂ!” ಎಂದು ಅವನು ಕೂಗಿದ. “ಹೆಣ್ಣುಮಗಳ ಬೆರಳು ಬಾಯಾಗ ಐತಿ, ಹುಡುಗ ಮಿಸುಕಾಡವಲ್ಲ! ಇಂಥಾಂವ ಕಚ್ಚತಾನೇನ್ರಿ? ಶಾಬಾಸ್ ಮಗನ!”

ಹಾಗೆನ್ನುತ್ತ, ಹಳೇ ಕುಸ್ತಿ ಕೈಯಿಂದ ಜಿನೇಶನ ಬೆನ್ನಿಗೊಂದು ಗುದ್ದಿದ.

ಜಿನೇಶನ ಬಾಯಿ ಕಟಕ್ಕನೆ ಮುಚ್ಚಿಕೊಂಡಿತು.

ಬ್ರಾಹ್ಮಿಯ ಚೀರಾಟ ಬಾಜೂ ಮನೆಗಳಿಗೆಲ್ಲ ಕೇಳಿತು. ಅವಳು ಬೆರಳನ್ನು ಎಳೆದುಕೊಂಡು ಮುಷ್ಟಿಯಲ್ಲಿ ಹಿಡಿದು, ಕಣ್ಣಲ್ಲಿ ನೀರು ತಂದುಕೊಂಡು, “ದವಡಿ ಹಲ್ಲು ಭಾಳ ಗಟ್ಟಿ ಅದಾವು. ನನಗ ಬ್ಯಾರೇ ಪೇಷಂಟ್ ನೋಡ್ರಿ,” ಎಂದಷ್ಟೇ ಹೇಳಿ ಒಳಗೆ ಓಡಿದಳು. ಪಾಯಪ್ಪನವರು ತಡಮಾಡದೆ ಮಫ್ಲರ್ ಎತ್ತಿ ಕಿವಿಗೆ ಸುತ್ತಿಕೊಂಡರು. ಎಲ್ಲವನ್ನೂ ಲೈವ್ ತೋರಿಸುತ್ತಿದ್ದ ಮೊಬೈಲನ್ನು ಈರಣ್ಣ ಇನ್ನೂ ಕೆಳಗಿಳಿಸಿರಲಿಲ್ಲ.

ಅಜಿತಕುಮಾರ ಕಾಕಾ ಹಣೆ ಹಣೆ ಬಡಿದುಕೊಂಡರು.

“ಜಿನ್ಯಾ, ಸಂಜೀತನಾ ತಡೀಲಾರದ ಹೋದೇನೋ? ಉಪವಾಸ ಮುರೀತಲ್ಲೋ!”