ಸ್ನೋಮೊಬೈಲಿನ ಹೊಗೆ ಮತ್ತು ನನ್ನ ಶಂಕಿತರ ಪಟ್ಟಿ

ನಾನು ಅನುಮಾನದ ಪ್ರಾಣಿ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮನೆಗೆ ಬೀಗ ಹಾಕಿ, ಮೂರು ಸಲ ಜಗ್ಗಿ ನೋಡಿ, ಬಸ್ ನಿಲ್ದಾಣದವರೆಗೆ ಹೋಗಿ, ವಾಪಸು ಬಂದು ಮತ್ತೆ ಜಗ್ಗುವವನು. ಹೋಟೆಲಿನವನು ‘ಇದರಲ್ಲಿ ಮಾಂಸ ಇಲ್ಲ’ ಎಂದರೆ, ಹಾಗಾದರೆ ಏನಿದೆ ಎಂದು ಚಮಚದಲ್ಲಿ ಕೆದಕುತ್ತೇನೆ. ಹೆಂಡತಿ ಸುಮಾ ಕೇಳದೆಯೇ ಕಾಫಿ ತಂದುಕೊಟ್ಟರೆ ಮೊದಲು ಅವಳ ಮುಖ ನೋಡುತ್ತೇನೆ, ಆಮೇಲೆ ಕಾಫಿ. ಹುಟ್ಟುಗುಣ ಸುಟ್ಟರೂ ಹೋಗದಂತೆ. ಇಂಥವನ ಕೈಗೆ ಒಂದು ಎಂಜಿನ್ ಸಿಕ್ಕಿತು.

ಸಿಕ್ಕಿದ್ದು ಹೀಗೆ. ಸ್ಟುಟ್‌ಗಾರ್ಟ್‌ನಿಂದ ಒಂದು ಗಂಟೆ ದೂರದ ಬೆಟ್ಟದೂರಿನಲ್ಲಿ ನಮ್ಮ ಮನೆ. ಮಗಳು ಊರಿನ ಸ್ಕೀ ಸಂಘಕ್ಕೆ ಸೇರಿದಳು. ಇಲ್ಲಿಯ ಸಂಘಗಳು ಚಂದಾ ತೆಗೆದುಕೊಂಡು ಸುಮ್ಮನಿರುವುದಿಲ್ಲ. ಅಪ್ಪ ಅಮ್ಮಂದಿರು ವರ್ಷಕ್ಕೆ ಇಷ್ಟು ಗಂಟೆ ಎಂದು ದುಡಿದುಕೊಡಬೇಕು. ಉಳಿದವರಿಗೆ ಕೇಕ್ ಮಾಡುವ ಕೆಲಸ ಬಂತು, ನನಗೆ ಸ್ನೋಮೊಬೈಲ್. ಎಂಜಿನಿಯರ್, ಅದೂ ಕಾರು ಉದ್ಯಮದವನು ಅಂದಮೇಲೆ ಎಂಜಿನ್ ಗೊತ್ತಿರಲೇಬೇಕಲ್ಲ! ನಿಜ ಹೇಳಬೇಕೆಂದರೆ ನಾನು ಬರೆಯುವುದು ಕಾರಿನ ಕಿಟಕಿಯ ಗಾಜು ಏರಿಳಿಯುವ ಸಾಫ್ಟ್‌ವೇರ್. ಅದನ್ನು ಹೇಳೋಣವೆಂದರೆ ಜಂಬ ಅಡ್ಡ ಬಂತು.

ಈ ಸ್ನೋಮೊಬೈಲಿಗೆ ಮುಂದೆ ಎರಡು ಸ್ಕೀ, ಹಿಂದೆ ಅಗಲವಾದ ರಬ್ಬರ್ ಪಟ್ಟಿ, ಮೇಲೆ ಬೈಕಿನಂಥ ಸೀಟು. ಹಿಮದಲ್ಲಿ ಓಡಾಡಿ ಸ್ಕೀ ಮಾಡುವವರಿಗೆ ಹಾದಿ ಎಳೆಯುವುದು ಅದರ ಉದ್ಯೋಗ. ಅದನ್ನು ವರ್ಷಗಳಿಂದ ನೋಡಿಕೊಳ್ಳುತ್ತಿದ್ದವರು ರೈನ್‌ಹೋಲ್ಟ್. ಎಪ್ಪತ್ತು ದಾಟಿದ ನಿವೃತ್ತ ಬಡಗಿ, ಒಂಟಿ ಜೀವ, ಮಾತಿನಲ್ಲಿ ಮಹಾ ಜಿಪುಣರು. ಒರೆಸುವುದು, ಪೆಟ್ರೋಲ್ ತುಂಬಿಸುವುದು ನನ್ನ ಪಾಲಿಗೆ. ಕೀಲಿ ಮಾತ್ರ ಅವರ ಜೇಬಿನಲ್ಲಿ.

ನಾನು ಸೇರಿದ ಎರಡೇ ವಾರಕ್ಕೆ ಗಾಡಿ ಕೈಕೊಟ್ಟಿತು. ಸ್ಟಾರ್ಟ್ ಆಗುತ್ತಿತ್ತು, ಆಕ್ಸಿಲರೇಟರ್ ಕೊಟ್ಟರೆ ಕೆಮ್ಮಿ, ಶೆಡ್ಡಿನ ತುಂಬ ನೀಲಿ ಹೊಗೆ ಬಿಟ್ಟು, ಮುನಿಸಿಕೊಂಡಂತೆ ನಿಂತುಬಿಡುತ್ತಿತ್ತು. ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಕರ್ರಗೆ, ಒದ್ದೆ. ನಾನು ಶಂಕಿತರ ಪಟ್ಟಿ ಮಾಡಿದೆ. ಮೊದಲು ಪ್ಲಗ್ಗನ್ನೇ ಹಿಡಿದೆ. ಹೊಸದು ಹಾಕಿದರೆ ಅದೂ ಒಂದೇ ದಿನಕ್ಕೆ ಕಪ್ಪಾಯಿತು. ಆಮೇಲೆ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್. ಮೂರು ಶನಿವಾರ ಅದನ್ನು ಬಿಚ್ಚಿ, ತೊಳೆದು, ಊದಿ, ಸ್ಕ್ರೂವನ್ನು ಕಾಲು ಸುತ್ತು ಆಚೆ ಕಾಲು ಸುತ್ತು ಈಚೆ ತಿರುಗಿಸಿದೆವು. ರೈನ್‌ಹೋಲ್ಟ್ ಥರ್ಮಾಸಿನಿಂದ ಚಹಾ ಬಗ್ಗಿಸಿಕೊಡುತ್ತ, “ಇನ್ನೊಂದು ಸಲ ನೋಡೋಣ” ಎನ್ನುತ್ತಿದ್ದರು. ಗಾಳಿ ಹೋಗುವ ಪೆಟ್ಟಿಗೆಯಲ್ಲಿ ಇಲಿ ಗೂಡು ಕಟ್ಟಿದೆಯೇ ಎಂದು ಕೈ ಹಾಕಿ ತಡಕಿದೆ. ಇಲಿ ಸಿಗಲಿಲ್ಲ. ಪಕ್ಕದೂರಿನ ಸಂಘದವರು ಟ್ಯಾಂಕಿಗೆ ಸಕ್ಕರೆ ಸುರಿದಿರಬಹುದೆಂದು ಪೆಟ್ರೋಲನ್ನು ಮೂಸಿಯೂ ನೋಡಿದೆ. ಸಕ್ಕರೆಗೆ ವಾಸನೆ ಇರುವುದಿಲ್ಲವೆಂದು ಆಮೇಲೆ ಹೊಳೆಯಿತು.

ಪಟ್ಟಿಯಲ್ಲಿ ಕೊನೆಗೆ ಉಳಿದದ್ದು ರೈನ್‌ಹೋಲ್ಟ್. ಅಷ್ಟು ವರ್ಷ ಪಳಗಿದವರು ಹೀಗೆ ಸುಮ್ಮನೆ ಚಹಾ ಬಗ್ಗಿಸುತ್ತ ಕೂರುತ್ತಾರೆಂದರೆ ಏನೋ ಇದೆ! ವಯಸ್ಸಾಯಿತು, ಏನನ್ನೋ ತಪ್ಪು ಜೋಡಿಸಿ ಮರೆತಿದ್ದಾರೆ ಎಂದು ತೀರ್ಮಾನಿಸಿದೆ. ತೀರ್ಮಾನಿಸಿ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಸಂಘದ ಅಧ್ಯಕ್ಷೆ ಸಿಕ್ಕಾಗ, “ಹಿರಿಯರ ಕೈ ಮೊದಲಿನ ಹಾಗಿಲ್ಲವೇನೋ” ಎಂದುಬಿಟ್ಟೆ. ಎರಡು ದಿನಕ್ಕೆ ಸಮಿತಿಯಿಂದ ಪತ್ರ ಬಂತು: ಭಾನುವಾರ ಮಕ್ಕಳ ಸ್ಪರ್ಧೆ, ಶನಿವಾರದೊಳಗೆ ಗಾಡಿ ಸರಿಯಾಗದಿದ್ದರೆ ಕೆಲಸ ಹೊರಗಿನವರಿಗೆ, ರೈನ್‌ಹೋಲ್ಟ್ ಕೀಲಿ ಒಪ್ಪಿಸತಕ್ಕದ್ದು.

ಶುಕ್ರವಾರ ಬೆಳಿಗ್ಗೆ ಸುಮಾ ನನ್ನ ಜಾಕೆಟ್ಟನ್ನು ಎರಡು ಬೆರಳಲ್ಲಿ ಹಿಡಿದು ಬಾಲ್ಕನಿಗೆ ಹೊರಟಿದ್ದಳು.

“ರೀ, ಇದು ಥೇಟ್ ಮಾವನವರ ಸ್ಕೂಟರ್ ವಾಸ್ನೆ ಕಣ್ರೀ! ಅದೇ ಸುಟ್ಟೆಣ್ಣೆ ಘಾಟು. ಮದ್ವೆ ಆದ ಹೊಸ್ದ್ರಲ್ಲಿ ನನ್ನ ಸೀರೆಗೆಲ್ಲಾ ಹಿಡೀತಿತ್ತಲ್ಲ.”

ನಾನು ನಿಂತಲ್ಲೇ ನಿಂತೆ. ನಮ್ಮಪ್ಪ ಮೈಸೂರಿನ ಪೆಟ್ರೋಲ್ ಬಂಕಿನವರನ್ನು ಒಂದು ದಿನವೂ ನಂಬಿದವರಲ್ಲ. ಬಂಕಿನ ಹುಡುಗ ಪೆಟ್ರೋಲಿಗೆ ಆಯಿಲ್ ಬೆರೆಸಿದರೂ, ಇವರು ಡಿಕ್ಕಿಯಿಂದ ಸ್ವಂತ ಬಾಟಲಿ ತೆಗೆದು ಇನ್ನೊಂದು ಮುಚ್ಚಳ ಸುರಿಯುತ್ತಿದ್ದರು. ಪೆಟ್ರೋಲಿನ ಜೊತೆಗೇ ಆಯಿಲ್ ಉರಿಸುವ ಟೂ ಸ್ಟ್ರೋಕ್ ಗಾಡಿಗೆ ಅದು ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆಂಬ ಭಯ. ಸ್ನೋಮೊಬೈಲೂ ಟೂ ಸ್ಟ್ರೋಕೇ. ಅದಕ್ಕೆ ಆಯಿಲಿನ ಬೇರೆ ಟ್ಯಾಂಕಿದೆ, ಒಳಗಿನ ಪಂಪು ತಾನಾಗಿ ಬೆರೆಸಿಕೊಳ್ಳುತ್ತದೆ ಎಂದು ಮೊದಲ ದಿನವೇ ಪುಸ್ತಕದಲ್ಲಿ ಓದಿದ್ದೆ. ಆದರೆ ಕಣ್ಣಿಗೆ ಕಾಣದ ಪಂಪನ್ನು ನಂಬುವುದು ಹೇಗೆ? ಪ್ರತಿ ಸಲ ಪೆಟ್ರೋಲ್ ತುಂಬಿಸುವಾಗ ಯಾರಿಗೂ ಹೇಳದೆ ಕ್ಯಾನಿಗೆ ಧಾರಾಳವಾಗಿ ಆಯಿಲ್ ಸುರಿದು ಕಲಕಿಡುತ್ತಿದ್ದೆ. ಆ ಬಡಪಾಯಿ ಎಂಜಿನ್ ಎರಡೆರಡು ಪಾಲು ಆಯಿಲ್ ಕುಡಿದು ಕೆಮ್ಮುತ್ತಿತ್ತು. ಊರಿನವರನ್ನೆಲ್ಲ ಅನುಮಾನಿಸಿದ ನಾನು ನನ್ನ ಕೈಯನ್ನು ಮಾತ್ರ ಬಿಟ್ಟಿದ್ದೆ.

ಕಚೇರಿಗೆ ರಜೆ ಹಾಕಿ ಶೆಡ್ಡಿಗೆ ಓಡಿದೆ. ಆಯಿಲ್ ಸುರಿದದ್ದನ್ನೂ, ಅಧ್ಯಕ್ಷೆಯ ಬಳಿ ಆಡಿದ ಮಾತನ್ನೂ ರೈನ್‌ಹೋಲ್ಟ್ ಎದುರು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಅವರು ಕೋಟಿನ ಜೇಬಿನಿಂದ ಎರಡು ಹೊಸ ಪ್ಲಗ್ ತೆಗೆದು ಮೇಜಿನ ಮೇಲಿಟ್ಟರು. ಹೊಸ ಪೆಟ್ರೋಲಿನ ಕ್ಯಾನ್ ಆಗಲೇ ಬಂದು ಕೂತಿತ್ತು.

“ನಿಮಗೆ ಗೊತ್ತಿತ್ತಾ?”

“ಮೊದಲ ಶನಿವಾರವೇ. ಹೊಗೆಯ ವಾಸನೆಗೆ.”

“ಮತ್ತೆ ಹೇಳಬಾರದಿತ್ತೇ?”

ಅವರು ಥರ್ಮಾಸ್ ತೆಗೆದು ನನಗೊಂದು ಲೋಟ ಚಹಾ ಬಗ್ಗಿಸಿದರು. ಟ್ಯಾಂಕ್ ಖಾಲಿ ಮಾಡಿ, ಪ್ಲಗ್ ಬದಲಾಯಿಸಿದೆವು. ಮಧ್ಯಾಹ್ನದ ಹೊತ್ತಿಗೆ ಎಂಜಿನ್ ಹೊಲಿಗೆ ಮಿಷನ್ನಿನ ಹಾಗೆ ಓಡಿತು. ನಾನೇ ಅಧ್ಯಕ್ಷೆಗೆ ಫೋನ್ ಮಾಡಿ ತಪ್ಪು ಯಾರದೆಂದು ಹೇಳಿದೆ. ಭಾನುವಾರ ಸ್ಪರ್ಧೆ ಚೆನ್ನಾಗಿ ನಡೆಯಿತು, ಕೀಲಿ ರೈನ್‌ಹೋಲ್ಟ್ ಜೇಬಿನಲ್ಲೇ ಉಳಿಯಿತು.

ಮರುವಾರ ಶೆಡ್ಡಿನಲ್ಲಿ ನನಗೇನೂ ಕೆಲಸವಿರಲಿಲ್ಲ. ಆದರೂ ಹೋದೆ. ರೈನ್‌ಹೋಲ್ಟ್ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಕಾರ್ಬ್ಯುರೇಟರನ್ನು ಪೂರ್ತಿ ಬಿಚ್ಚಿ ಹರಡಿಕೊಂಡು ಕೂತಿದ್ದರು. ಪಕ್ಕದಲ್ಲಿ ಥರ್ಮಾಸ್, ಎರಡು ಲೋಟ.

“ಸದ್ದು ಸ್ವಲ್ಪ ಬೇರೆ ಕೇಳಿಸಿತು” ಎಂದರು, ನನ್ನ ಮುಖ ನೋಡದೆ.

ಗಾಡಿಯ ಸದ್ದು ಸರಿಯಾಗಿಯೇ ಇತ್ತು. ಕಿಟಕಿ ಗಾಜಿನವನಿಗೂ ಅಷ್ಟು ತಿಳಿಯುತ್ತದೆ. “ಹೌದು, ನನಗೂ ಹಾಗೇ ಕೇಳಿಸಿತು” ಎಂದು ಅಂಗಿಯ ತೋಳು ಮಡಚಿ ಕೂತೆ.