ಎರಡು ಜಡೆ, ಒಂಟಿ ಜಡೆ, ಒಂದು ಮೊರ

"ನಾಳೆ ಹೊತ್ತು ಮುಳುಗೋದ್ರೊಳಗೆ ಈ ಪ್ರೇಮಪುರಾಣ ಮುಗಿಸದಿದ್ರೆ ನಾನು ನಿಂಗಕ್ಕನೇ ಅಲ್ಲ!"

ಹೊಳಲ್ಕೆರೆಯಲ್ಲಿ ಈ ಘೋರ ಪ್ರತಿಜ್ಞೆ ಮೊಳಗಿದ್ದು ಎಪ್ಪತ್ತಾರನೇ ಇಸವಿಯಲ್ಲಿ. ಪುರಾಣವೆಂದರೆ ವಾರಪತ್ರಿಕೆಯ ಚಿತ್ರಕಥೆ. ಹೈಸ್ಕೂಲಿನ ಒಬ್ಬ ಕನ್ನಡಕದ ಹುಡುಗ. ಅವನ ಮೇಲೆ ಕಣ್ಣಿಟ್ಟವರು ಎರಡು ಜಡೆಯವಳೊಬ್ಬಳು, ಒಂಟಿ ಜಡೆಯವಳೊಬ್ಬಳು. ಸೊಸೆ ಉಚ್ಚಂಗೆಮ್ಮ ಅದನ್ನು ಹಿಡಿದು ಕೂತಳೆಂದರೆ ಒಲೆಯ ಮೇಲಿನ ಸಾರು ತಳ ಹಿಡಿಯುತ್ತಿತ್ತು. ಸೀದ ಸಾರು ಉಂಡು ಉಂಡು ನಿಂಗಕ್ಕನಿಗೆ ಸಾಕುಸಾಕಾಗಿತ್ತು.

"ಇಪ್ಪತ್ತಾರು ವಾರ ಆತು, ಇನ್ನೂ ಒಂದು ವೀಳ್ಯ ಬದಲಾಗಿಲ್ಲ! ಯಾರ್ಯಾರದು ಯಾವ ಬೆಡಗು, ಯಾವ ಗೋತ್ರ ಅಂತ ಮೊದ್ಲೇ ಕೇಳಿ, ತನ್ನ ಬೆಡಗಿನೋಳನ್ನ ತಂಗಿ ಅಂತ ಬಿಟ್ಟು ಇನ್ನೊಬ್ಬಳ್ನ ತಂದ್ಕಂಡಿದ್ರೆ ಮುಗೀತಿತ್ತು!"

"ಅತ್ತೆಮ್ಮ, ಪ್ರೀತಿ ಮಾಡೋರು ಬೆಡಗು ಕೇಳ್ತಾರೇನು?"

"ನೀನು ಸಾರಿಗೆ ಉಪ್ಪು ಹಾಕಿದೀಯೇನು? ಅದನ್ನ ಹೇಳು ಮೊದ್ಲು!"

ಮಾರನೇ ದಿನ ಸೊಸೆ ಶೇಂಗಾ ಕೀಳಲು ಹೊಲಕ್ಕೆ ಹೋದಳು. ತೂತುಬಿದ್ದ ಮೊರಕ್ಕೆ ಮೆತ್ತಲು ನಿಂಗಕ್ಕನಿಗೆ ಕಾಗದ ಬೇಕಿತ್ತು. ನೆನೆಸಿ, ಮೆಂತ್ಯದ ಜೊತೆ ರುಬ್ಬಿ ಬಳಿದರೆ ಮೊರ ಇನ್ನೆರಡು ವರ್ಷ ಬಾಳುತ್ತದೆ. ಪತ್ರಿಕೆಗಳ ಕಟ್ಟನ್ನು ಎಳೆದುಕೊಂಡು, ಮೇಲಿದ್ದ ಹೊಚ್ಚ ಹೊಸದನ್ನು ಕಣ್ಣೆತ್ತಿಯೂ ನೋಡದೆ ಹರಿದು, ನೀರಿಗೆ ಹಾಕಿ ಕಿವುಚಿದಳು.

ಅದರ ಕೆಳಗಿನದರಲ್ಲಿ ಹುಡುಗ ಕೈಯಲ್ಲೊಂದು ಕಾಗದ ಹಿಡಿದು, ಇಬ್ಬರ ನಡುವೆ ಬೆವರುತ್ತ ನಿಂತಿದ್ದ.

"ಯಾರಿಗೋ ಕಾಗದ?" ಎಂದಳು ನಿಂಗಕ್ಕ.

ಅವಳ ಓದು ಎರಡನೇ ಕ್ಲಾಸಿಗೇ ನಿಂತದ್ದು. ಆದರೆ ಯಾವುದನ್ನೂ ನಡುವಿನಿಂದ ಹಿಡಿದವಳಲ್ಲ. ಕಟ್ಟನ್ನು ಮಗುಚಿ, ಮೊದಲನೇ ವಾರದಿಂದ ಅಕ್ಷರಕ್ಕೆ ಅಕ್ಷರ ಕೂಡಿಸುತ್ತ ಹೊರಟಳು. ಒಂದು ಹಾಳೆ ಓದುವುದು, ಹರಿದು ನೀರಿಗೆ ಹಾಕುವುದು. ಶಪಥವೆಂದರೆ ಶಪಥ! ಎರಡು ಜಡೆಯವಳು ಅತ್ತಾಗ ತಾನೂ ಅತ್ತಳು. ಅವತ್ತು ಒಲೆಯ ಮೇಲೆ ಸೀದದ್ದು ಅವಳದೇ ಸಾರು.

ಇಪ್ಪತ್ತೈದನೇ ವಾರದ ಕೊನೆಗೆ ಹುಡುಗ ಕಾಗದ ಕೊಡಲು ಕೈ ಚಾಚಿದ. ನಿಂಗಕ್ಕ ಮುಂದಿನ ಸಂಚಿಕೆಗೆ ಕೈ ಚಾಚಿದಳು. ಬರೀ ನೆಲ! ಪಕ್ಕದ ನೀರಿನಲ್ಲಿ ಮುದ್ದೆ. ನಿಟ್ಟುಸಿರು ಬಿಟ್ಟು ಅದನ್ನೇ ರುಬ್ಬಿ ಮೊರಕ್ಕೆ ಬಳಿದಳು. ಸೊಸೆ ಹೊಲದಿಂದ ಬಂದು ಪತ್ರಿಕೆ ಎಲ್ಲೆಂದು ಕೇಳಿದರೆ, "ಸಾರು ಸೀದೈತೆ, ಸುಮ್ನೆ ಉಣ್ಣು," ಎಂದಳು.

ಶನಿವಾರ ಬೆಳಿಗ್ಗೆ ಪಕ್ಕದ ಮನೆಯ ಸಿದ್ದಕ್ಕ ಕೈಚೀಲ ಹಿಡಿದು ಬಂದಳು.

"ಉಚ್ಚಂಗೀ, ನನ್ನ ಪತ್ರಿಕೆ ಕೊಡೇ. ತಾಳ್ಯದಾಗೆ ತಂಗಿ ಬಾಣಂತಿ, ಅವ್ಳಿಗೆ ಕೊಡ್ತೀನಿ ಅಂತ ಮಾತು ಕೊಟ್ಟೀನಿ. ಹನ್ನೊಂದರ ಬಸ್ಸಿಗೆ ಹೊಂಟೀನಿ."

"ನಿನ್ನವಾ?" ಎಂದಳು ನಿಂಗಕ್ಕ.

"ನನ್ನವೇ! ಕತೆ ಮುಗಿಯೋ ಕೊನೇದು ಇಬ್ರೂ ಜತೇಗೆ ಓದಾಣ ಅಂತ ನಾನೂ ಮುಟ್ಟಿಲ್ಲ, ನಿಮ್ಮ ಸೊಸೇನೂ ಮುಟ್ಟಿಲ್ಲ. ಎಲ್ಲವ್ರೀ?"

ನಿಂಗಕ್ಕ ಮೊರ ತೋರಿಸಿದಳು. ಸೊಸೆ ತಲೆಯ ಮೇಲೆ ಕೈ ಹೊತ್ತು ಕೂತಳು. ಸಿದ್ದಕ್ಕನ ಬಾಯಿಂದ ಇಡೀ ಬೀದಿಗೆ ಕೇಳುವಂಥ ಮಾತು ಬರುವ ಮೊದಲೇ ನಿಂಗಕ್ಕ ಕೈಹಿಡಿದು ಕೂರಿಸಿದಳು.

"ಕುಂತ್ಕಳವ್ವ, ಅಷ್ಟೂ ವಾರದ್ದು ಬಾಯಾಗೇ ಹೇಳ್ತೀನಿ. ನಿನ್ನ ತಂಗಿಗೆ ಹಂಗೇ ಒಪ್ಪಿಸು."

ಹೇಳಿದಳು. ಎಷ್ಟನೇ ಮೆಟ್ಟಿಲಿನ ಮೇಲೆ ಯಾರು ಎಡವಿದರು, ಯಾವ ಜಡೆಯಲ್ಲಿ ಎಷ್ಟು ಹೂವು, ಒಂದೂ ಬಿಡಲಿಲ್ಲ. ಹನ್ನೊಂದರ ಬಸ್ಸು ಹೋಯಿತು. ಎರಡರ ಬಸ್ಸೂ ಹೋಯಿತು. ಸಿದ್ದಕ್ಕ ಸಿಟ್ಟು ಮರೆತು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹುಡುಗ ಕಾಗದ ಹಿಡಿದು ಕೈ ಚಾಚ್ದ..."

"ಹ್ಞೂಂ, ಯಾರಿಗೆ ಕೊಟ್ಟ ನಿಂಗಕ್ಕಾ? ಬೇಗ ಹೇಳ್ರೀ!"

ನಿಂಗಕ್ಕ ಗೋಡೆಗೆ ಒರಗಿಸಿದ್ದ ಮೊರವನ್ನೇ ನೋಡುತ್ತ ತಣ್ಣಗೆ ಹೇಳಿದಳು:

"ನಂಗೊತ್ತಿಲ್ಲ ಕಣವ್ವ. ಆ ಮೊರಕ್ಕೆ ಗೊತ್ತು."