ಸೌಟು ಯಾವ ತುದಿಯಿಂದ ಹೊರಡಬೇಕು?

ಪ್ರಪಂಚದಲ್ಲಿ ಕೆಲವು ದೇಶಗಳು ಯಾಕೆ ಉದ್ಧಾರವಾದವು, ಕೆಲವು ಯಾಕೆ ಆಗಲಿಲ್ಲ ಎಂಬುದು ಖಚಿತವಾಗಿ ಗೊತ್ತಿರುವ ಮನುಷ್ಯ ಇಡೀ ಪಾಂಡವಪುರ ತಾಲ್ಲೂಕಿಗೆ ಒಬ್ಬರೇ. ಅವರು ನಮ್ಮ ಸೋದರಮಾವ. ಅವರಿಗೆ ಗೊತ್ತಾಗದೆ ಉಳಿದಿರುವುದು, ತಮ್ಮ ಸ್ಕೂಟರು ವಾರಕ್ಕೆರಡು ಸಲ ತೊಣ್ಣೂರು ಕೆರೆ ಏರಿಯ ಮೇಲೇ ಯಾಕೆ ನಿಲ್ಲುತ್ತದೆ ಎಂಬುದೊಂದೇ. ಪೆಟ್ರೋಲು ಹಾಕಿಸಿ ಮಾವ ಎಂದರೆ, "ಪೆಟ್ರೋಲು ಯಾವ್ ದೇಶದ್ದು, ಯಾರ ಹಿಡಿತದಲ್ಲಿ ಅದೆ ಗೊತ್ತೇನ್ಲಾ?" ಎಂದು ಶುರು ಮಾಡುತ್ತಾರೆ. ಪಾಠ ಅವರದು, ತಳ್ಳುವ ಕೆಲಸ ನನ್ನದು!

ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿ ನಿವೃತ್ತರಾದವರು ಅವರು. ಕಾಲೇಜು ಬಿಟ್ಟರೇ ಹೊರತು ಪಾಠ ಬಿಡಲಿಲ್ಲ. ಒಮ್ಮೆ ಶ್ರೀರಂಗಪಟ್ಟಣದಿಂದ ನಾಗಮಂಗಲಕ್ಕೆ ಬಸ್ಸಿನಲ್ಲಿ ಹೋಗುವಾಗ ನನಗೆ ಇಡೀ ಭೂಗೋಳ ತೋರಿಸಿದರು. ಸುತ್ತ ಹೊಳೆಯಿರುವ ಶ್ರೀರಂಗಪಟ್ಟಣ ಮುಂದುವರಿದ ರಾಷ್ಟ್ರ. ನಾಲೆ ನೀರಿನ ಪಾಂಡವಪುರ ಮುಂದುವರಿಯುತ್ತಿರುವ ರಾಷ್ಟ್ರ. ಕೆ.ಆರ್. ಪೇಟೆ ಎರಡರ ನಡುವೆ ಓಲಾಡುತ್ತಿದೆ. ಮಳೆ ನಂಬಿದ ನಾಗಮಂಗಲ ಹಿಂದುಳಿದ ರಾಷ್ಟ್ರ. ಮುಂದಿನ ಸೀಟಿನ ನಾಗಮಂಗಲದವನೊಬ್ಬ ಹಿಂದಕ್ಕೆ ತಿರುಗಿ, "ಬಸ್ಸಿಳಿದ್ಮೇಲೆ ವಸಿ ಮಾತಾಡಣ ಬನ್ನಿ ಸಾ" ಎಂದ. ಮಾವ ಒಂದು ಸ್ಟಾಪು ಮೊದಲೇ ಇಳಿದು, ಉಳಿದ ದಾರಿಯನ್ನು ನನ್ನ ಜೊತೆ ನಡೆದರು.

ಇನ್ನೊಮ್ಮೆ ಸಕ್ಕರೆ ಬಿಟ್ಟರು. "ಕಬ್ಬು ಬೆಳೆಯೋರು ನಾವು. ಲಾರಿ ತುಂಬ್ಸಿ ಮಾಕವಳ್ಳಿ ಫ್ಯಾಕ್ಟ್ರಿಗೆ ಕಳಿಸ್ತೀವಿ. ಆಮೇಲೆ ಅಂಗಡಿಗೋಗಿ ಪೊಟ್ಟಣದಲ್ಲಿ ಸಕ್ಕರೆ ತತ್ತೀವಿ. ಕಚ್ಚಾ ಮಾಲು ಕೊಟ್ಟು ಸಿದ್ಧ ಮಾಲು ಕೊಳ್ಳೋ ದೇಶ ಎಲ್ಲಾದ್ರೂ ಉದ್ಧಾರ ಆಯ್ತದಾ?" ಅಂದಿನಿಂದ ಮನೆಯಲ್ಲಿ ಬೆಲ್ಲದ ಕಾಫಿ ಎಂದು ಅಪ್ಪಣೆಯಾಯಿತು. ಹಾಲಿಗೆ ಬೆಲ್ಲ ಹಾಕಿ ತಾವೇ ಕುದಿಸಿದರು. ಹಾಲು ಒಡೆಯಿತು. ಅತ್ತೆ ಸೋಸುವ ಬಟ್ಟೆಯನ್ನು ಅವರ ಮುಂದೆ ಹಿಡಿದು, "ನಿಮ್ಮ ದೇಶ ಇಲ್ಲಿ ಅದೆ ನೋಡಿ, ಗಟ್ಟಿ ಬೇರೆ, ನೀರು ಬೇರೆ. ಯಾವುದು ಕುಡೀತೀರಿ?" ಎಂದರು. ಅವತ್ತು ಸಂಜೆಗೆ ಸಕ್ಕರೆ ಡಬ್ಬ ಮತ್ತೆ ಗೂಡಿಗೆ ಬಂತು.

ಇವೆಲ್ಲ ಮನೆಯೊಳಗಿನ ಪ್ರಯೋಗ. ಅವರ ಮಹಾಸಿದ್ಧಾಂತ ಹುಟ್ಟಿದ್ದು ಬಾಡೂಟದ ಪಂಕ್ತಿಯಲ್ಲಿ. ನಮ್ಮ ಕಡೆ ಬಾಡೂಟ ಬಡಿಸುವುದನ್ನು ನೋಡಿದವರಿಗೆ ಗೊತ್ತು. ಬಕೀಟು ಪಂಕ್ತಿಯ ತಲೆಯಿಂದ ಹೊರಡುತ್ತದೆ. ಅಲ್ಲಿ ಕೂತವರು ಬೀಗರು, ಯಜಮಾನರು. ಅವರ ಎಲೆಗೆ ಸೌಟು ತಳಕ್ಕೆ ಮುಳುಗಿ ಮಾಂಸದ ತುಂಡು ಹೊತ್ತು ಏಳುತ್ತದೆ. ಅರ್ಧ ದಾರಿಗೆ ಬರುವಾಗ ಸೌಟಿಗೆ ತಳ ಮರೆತುಹೋಗಿರುತ್ತದೆ. ಕೊನೆಯವನಿಗೆ ಸಿಗುವುದು ಸಾರು ಮತ್ತು ಬಡಿಸುವವನ ನಗು. ಮಾವ ಬೇಕೆಂದೇ ಆ ಕೊನೆಯ ಎಲೆಗೆ ಹೋಗಿ ಕೂರುತ್ತಿದ್ದರು.

"ಮ್ಯಾಲಿರೋರು ಉಂಡ್ರೆ ತಾನಾಗೇ ಕೆಳಕ್ಕೆ ಹರೀತದೆ ಅಂತ ಒಂದು ಸಿದ್ಧಾಂತ ಅದೆ. ಹರಿಯೋದು ಬರೀ ಸಾರು ಕಣ್ಲಾ. ಬಾಡು ಹರಿಯಾಕಿಲ್ಲ" ಎಂದು ತಮ್ಮ ಎಲೆ ತೋರಿಸುತ್ತಿದ್ದರು. ಪರಿಹಾರವೂ ಅವರ ಹತ್ತಿರವೇ ಇತ್ತು. ಸೌಟು ಕೊನೆಯ ತುದಿಯಿಂದ ಹೊರಡಬೇಕು. ಯಾರ ಮನೆಯಲ್ಲೂ ಅವರ ಮಾತು ಕೇಳಲಿಲ್ಲ. ಕೇಳಲೇಬೇಕಾದ ಮನೆ ಒಂದೇ ಇತ್ತು, ಅವರದೇ.

ಅವರ ಒಬ್ಬಳೇ ಮಗಳನ್ನು ನಾಗಮಂಗಲದ ಕಡೆ ಹೊಣಕೆರೆಗೆ ಕೊಟ್ಟರು. ಮದುವೆಯ ಮೂರನೇ ದಿನ ನಮ್ಮ ಕಡೆಯ ಬೀಗರೂಟ. ಬಕೀಟು ಹಿಡಿಯುವ ಕೆಲಸ ನನ್ನದು. ಮಾವ ನನ್ನನ್ನು ಮೂಲೆಗೆ ಕರೆದು, "ಕೊನೆಯಿಂದ ಶುರು ಮಾಡು. ಕೈ ಬಿಗಿ ಮಾಡ್ಬೇಡ" ಎಂದರು. ಅತ್ತೆ ಕೇಳಿಸಿಕೊಂಡು, "ಮಗಳು ಬಾಳ್ಬೇಕಾದ ಮನೆಯೋರು ಬಂದವ್ರೆ. ಇವತ್ತೊಂದಿನ ನಿಮ್ ಸಿದ್ಧಾಂತ ಬುಡಿ" ಎಂದು ಬೇಡಿಕೊಂಡರು. ಮಾವ ಬಿಡುವವರೇ?

ನಾನು ಕೊನೆಯಿಂದ ಹೊರಟೆ. ಅಲ್ಲಿ ಕೂತಿದ್ದವರು ಯಾರು? ನಮ್ಮವರೇ! ನಾಲೆ ನೀರುಂಡು ಬೆಳೆದ ನೆಂಟರು, ಮಾವನ ಗೆಳೆಯರು. ಜೀವಮಾನದಲ್ಲೇ ಮೊದಲ ಸಲ ಅವರ ಎಲೆಗೆ ಸೌಟು ತಳದಿಂದ ಬಂದಿತ್ತು. ಒಬ್ಬರೂ ಸಾಕು ಎನ್ನಲಿಲ್ಲ. ತಲೆಯ ಹತ್ತಿರ ಬರುವಷ್ಟರಲ್ಲಿ ಬಕೀಟಿನಲ್ಲಿ ಸಾರು ಮಾತ್ರ ಉಳಿದಿತ್ತು. ದೊಡ್ಡ ಹಂಡೆಯೂ ಖಾಲಿ ಎಂದು ಅಡುಗೆಯವನು ಕೈಯಾಡಿಸಿದ.

ಮೊದಲ ಎಲೆಯಲ್ಲಿದ್ದ ಬೀಗರು, ಅಂದರೆ ಹುಡುಗನ ಅಪ್ಪ, ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದರು. ಸಿಟ್ಟು ಮಾಡಲಿಲ್ಲ. ಅದೇ ಕಷ್ಟವಾಯಿತು.

"ಮೇಷ್ಟ್ರೇ, ನಮ್ ಕಡೆ ನಾಲೆ ಇಲ್ಲ. ನೀರು ಎಲ್ಲಾರ್ಗೂ ಆಗಿ ಮಿಕ್ರೆ ನಮಗೆ. ಇವತ್ತು ತಲೇಲಿ ಕೂರ್ಸುದ್ರಿ, ಸಂತೋಸ ಆಯ್ತು. ಇಲ್ಲೂ ಮಿಕ್ಕುದ್ದೇ ಬುಟ್ರಲ್ಲ" ಎಂದರು.

ಅಡುಗೆಮನೆ ಬಾಗಿಲಲ್ಲಿ ಮದುಮಗಳು ಸೆರಗು ಹಿಡಿದು ನಿಂತಿದ್ದಳು. ಬೀಗರು ಎದ್ದು ಹೊರಟರೆ ಅವಳ ಗತಿಯೇನು? ಮೂವತ್ತು ವರ್ಷ ಯಾವ ಪ್ರಶ್ನೆಗೂ ಸೋಲದ ಮಾವ ಪಂಕ್ತಿಯ ಆ ತುದಿಯಿಂದ ಈ ತುದಿಗೆ ಕಣ್ಣು ಹಾಯಿಸಿದರು. ಯಾವ ತುದಿಯಲ್ಲಿ ಯಾರು ಕೂತಿದ್ದಾರೆಂದು ಅವರು ಅಲ್ಲಿಯವರೆಗೆ ನೋಡಿರಲೇ ಇಲ್ಲ.

ಆಗ ಅತ್ತೆ ಒಳಗಿನಿಂದ ಒಂದು ಪಾತ್ರೆ ಹಿಡಿದು ಬಂದರು. "ತಡ ಆಯ್ತು ಕಣಣ್ಣ. ನಿಮಗೇ ಅಂತ ಬ್ಯಾರೆ ಎತ್ತಿಟ್ಟಿದ್ದೆ. ಬಿಸಿ ಇರ್ಲಿ ಅಂತ ಒಲೆ ಮೇಲೇ ಬುಟ್ಟಿದ್ದೆ" ಎಂದು ಸೌಟನ್ನು ತಳಕ್ಕೆ ಮುಳುಗಿಸಿ ಬೀಗರ ಎಲೆಗಳಿಗೆಲ್ಲ ಬಡಿಸಿದರು. ಬೀಗರ ಮುಖ ಅರಳಿತು. "ಅಂಗನ್ನಿ ಮತ್ತೆ" ಎಂದು ಇನ್ನೊಂದು ಮುದ್ದೆ ಹಾಕಿಸಿಕೊಂಡರು.

ಅದು ಶುದ್ಧ ಸುಳ್ಳು. ಆ ಪಾತ್ರೆ ಬೆಳಗಿನಿಂದ ಒಲೆ ಮುಂದೆ ಬೆಂದ ಹೆಂಗಸರ ಪಾಲು.

ಎಲ್ಲರೂ ಹೋದ ಮೇಲೆ ಅಡುಗೆಮನೆಯಲ್ಲಿ ಹೆಂಗಸರ ಪಂಕ್ತಿ ಕೂತಿತು: ಅತ್ತೆ, ಮಗಳು, ನಮ್ಮಮ್ಮ, ಪಾತ್ರೆ ತೊಳೆಯುವ ಇಬ್ಬರು. ಮಾವ ಬಂದು, ಬಡಿಸಲು ಎದ್ದ ಅತ್ತೆಯ ಕೈಯಿಂದ ಸೌಟು ಇಸಿದುಕೊಂಡರು. "ನೀನು ಕೂತ್ಕ. ನಾನು ಬಡಿಸ್ತೀನಿ" ಎಂದರು. ಆ ಪಾತ್ರೆಯ ತಳ ಕೆರೆದಾಗ ಒಂದೇ ಒಂದು ತುಂಡು ಸಿಕ್ಕಿತು. ಅತ್ತೆಯ ಎಲೆಗೆ ಹಾಕಿದರು. ಅತ್ತೆ ಅದನ್ನು ಮುರಿದು ಮಗಳಿಗೆ ಇಟ್ಟರು. ಮಗಳು ತನ್ನದನ್ನು ಮುರಿದು ನಮ್ಮಮ್ಮನಿಗೆ, ನಮ್ಮಮ್ಮ ಪಕ್ಕದವಳಿಗೆ. ಎಳ್ಳಷ್ಟು ಚೂರು ಕೊನೆಯ ಎಲೆಯನ್ನೂ ಮುಟ್ಟಿತು.

ಮಾವ ಸೌಟು ಹಿಡಿದು ನೋಡುತ್ತಲೇ ನಿಂತಿದ್ದರು. ಇದು ಯಾವ ಸಿದ್ಧಾಂತ ಎಂದು ಕೇಳುವ ಚೇಷ್ಟೆ ನನ್ನ ನಾಲಗೆ ತುದಿಗೆ ಬಂದಿತ್ತು. ಅವರ ಕಣ್ಣು ನೋಡಿ ಅದನ್ನು ನುಂಗಿಕೊಂಡೆ.

"ಇಷ್ಟು ವರ್ಷ ನಾನೇ ಕೊನೇಲಿ ಕೂತಿದೀನಿ ಅಂದ್ಕಂಡಿದ್ದೆ ಕಣ್ಲಾ" ಎಂದರು.

ಈಗ ಆ ಮನೆಯಲ್ಲಿ ಮೊದಲ ತಟ್ಟೆ ಅತ್ತೆಯದು. ಅತ್ತೆಗೆ ಇದು ಮಹಾ ಕಿರಿಕಿರಿ. "ಆರೋಯ್ತದೆ, ನೀವು ಉಣ್ಣಿ" ಎಂದು ದಿನವೂ ಬೈಯುತ್ತಾರೆ. ಅವರು ಕೈ ತೊಳೆಯುವವರೆಗೂ ಮಾವ ಸೌಟು ಹಿಡಿದು ನಿಂತೇ ಇರುತ್ತಾರೆ.